ಈಜುಕೊಳದ ನೀರು ಕಾಯಿಸಲು ಕಡಿಮೆ ಖರ್ಚಿನ ದಾರಿ ಯಾವುದು?

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ತೆರೆದ ಈಜುಕೊಳವಿದೆ. ಸರಾಸರಿ ಆಳ ಒಂದೂಕಾಲು ಮೀಟರ್. ತಂಪಿನ ತಿಂಗಳುಗಳಲ್ಲಿ ನೀರು 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದರಿಂದ ಮಕ್ಕಳೂ ವಯಸ್ಸಾದ ತಾಯಿಯವರೂ ಕೊಳಕ್ಕೆ ಇಳಿಯಲು ಹಿಂಜರಿಯುತ್ತಾರೆ. 28 ಡಿಗ್ರಿ ಇದ್ದರೆ ನಮಗೆ ಸಾಕು. ಒಬ್ಬ ಮಾರಾಟಗಾರರು ವಿದ್ಯುತ್ ಹೀಟರೇ ಅಗ್ಗವೆನ್ನುತ್ತಾರೆ, ಇನ್ನೊಬ್ಬರು ಹೀಟ್ ಪಂಪ್ ಹಾಕಿಸಿ ಎನ್ನುತ್ತಾರೆ, ಮತ್ತೊಬ್ಬರು ಚಾವಣಿಯ ಮೇಲೆ ಸೌರ ಫಲಕ ಸಾಕೆನ್ನುತ್ತಾರೆ. ಗ್ಯಾಸ್ ಹೀಟರ್ ಬಗ್ಗೆಯೂ ಕೇಳಿದ್ದೇವೆ. ಇವುಗಳಲ್ಲಿ ಕೈಗೆಟುಕುವಂಥದ್ದು ಯಾವುದು?

ಉತ್ತರ: ಮೂವರೂ ಯಂತ್ರದ ಬೆಲೆಯ ಮಾತನ್ನಾಡಿದ್ದಾರೆಯೇ ಹೊರತು ನಿಮ್ಮ ಕೊಳಕ್ಕೆ ಎಷ್ಟು ಶಾಖ ಬೇಕೆಂಬುದನ್ನು ಯಾರೂ ಲೆಕ್ಕ ಹಾಕಿಕೊಟ್ಟಂತಿಲ್ಲ. ಆ ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಗಂಟೆ ಶಕ್ತಿ ಬೇಕು. ನಿಮ್ಮ ಕೊಳದಲ್ಲಿರುವುದು ಸುಮಾರು 40,000 ಲೀಟರ್. ಅಂದರೆ ಒಂದೊಂದು ಡಿಗ್ರಿಗೂ ವಿದ್ಯುತ್ ಮೀಟರಿನ ಲೆಕ್ಕದಲ್ಲಿ (ಒಂದು ಯೂನಿಟ್ ಎಂದರೆ 1,000 ವಾಟ್-ಗಂಟೆ) 46 ಯೂನಿಟ್‌ಗಿಂತ ತುಸು ಹೆಚ್ಚು ಶಾಖ ಬೇಕಾಗುತ್ತದೆ. 22ರಿಂದ 28 ಡಿಗ್ರಿಗೆ ಏರಿಸಬೇಕಾದರೆ ಹತ್ತಿರಹತ್ತಿರ 280 ಯೂನಿಟ್. ಇದು ಮೊದಲ ಸಲ ನೀರು ಕಾಯಿಸುವ ಲೆಕ್ಕ ಮಾತ್ರ; ಕಾದ ನೀರನ್ನು ಹಾಗೆಯೇ ಉಳಿಸಿಕೊಳ್ಳುವ ಖರ್ಚು ಪ್ರತಿದಿನದ್ದು, ಮತ್ತು ಹೆಚ್ಚಿನ ಮನೆಗಳಲ್ಲಿ ಕೈ ಸುಡುವುದು ಅದೇ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಕೊಳಕ್ಕೊಂದು ಹೊದಿಕೆ ಕೊಳ್ಳಿರೆಂದು ನಾನು ಹೇಳುತ್ತೇನೆ. ತೆರೆದ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಶೇಕಡಾ 70ರಷ್ಟು ಹೋಗುವುದು ನೀರು ಆವಿಯಾಗುವುದರಿಂದ. ಗೋಡೆ ಮತ್ತು ನೆಲದ ಮೂಲಕ ಮಣ್ಣಿಗೆ ಸೇರುವುದು ಅದರ ಮುಂದೆ ಬಹಳ ಕಡಿಮೆ. ಒಂದು ಲೀಟರ್ ನೀರು ಆವಿಯಾದರೆ ಉಳಿದ ನೀರಿನಿಂದ ಸುಮಾರು 0.68 ಯೂನಿಟ್ ಶಾಖವನ್ನು ಕೊಂಡೊಯ್ಯುತ್ತದೆ. ಕೊಳದ ನೀರಿನ ಮಟ್ಟ ದಿನಕ್ಕೆ ಐದು ಮಿಲಿಮೀಟರ್ ಇಳಿದರೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ನಿಮ್ಮ ಕೊಳದ ಅಳತೆಗೆ ಅದು 160 ಲೀಟರ್, ನೂರು ಯೂನಿಟ್‌ಗೂ ಮಿಕ್ಕಿದ ಶಾಖ, ಅಂದರೆ ಇಡೀ ಕೊಳವನ್ನು ಎರಡು ಡಿಗ್ರಿಗಿಂತ ಹೆಚ್ಚು ತಣ್ಣಗಾಗಿಸುವಷ್ಟು. ಗಾಳಿ ಬೀಸುವ ಜಾಗವಾದರೆ ಇದು ಇನ್ನೂ ಹೆಚ್ಚುತ್ತದೆ. ಇಂಥ ಕೊಳಕ್ಕೆ ಹೊದಿಕೆಯಿಲ್ಲದೆ ಹೀಟರ್ ಹಾಕುವುದು ತೂತು ಮಡಕೆಗೆ ನೀರು ಹೊಯ್ದಂತೆ.

ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ಹೊದಿಕೆಗಳಲ್ಲೆಲ್ಲ ಅಗ್ಗದ್ದು. ಗುಳ್ಳೆಗಳಿರುವ ಬದಿ ನೀರಿಗೆ ತಾಗುವಂತೆ ಹಾಸಬೇಕು. ಗಾಢ ಬಣ್ಣದ್ದಕ್ಕಿಂತ ಬೆಳಕು ಹಾಯುವ ತೆಳು ನೀಲಿಯದೋ ಬಣ್ಣವಿಲ್ಲದ್ದೋ ಮೇಲು. ಬಿಸಿಲು ಹೊದಿಕೆಯಲ್ಲೇ ಉಳಿಯದೆ ನೀರಿನೊಳಕ್ಕೆ ಇಳಿದು ಅಲ್ಲಿ ಶಾಖವಾಗುತ್ತದೆ. ಈಜದ ಹೊತ್ತಿನಲ್ಲೆಲ್ಲ ತಪ್ಪದೆ ಮುಚ್ಚುವವರಿಗೆ ಕಾಯಿಸುವ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಇಲ್ಲೊಂದು ಪ್ರಾಯೋಗಿಕ ತೊಡಕಿದೆ. 32 ಚದರ ಮೀಟರ್ ಹಾಳೆಯನ್ನು ಒಬ್ಬರೇ ಎಳೆದು ಮಡಚುವುದು ಬೇಸರದ ಕೆಲಸವಾದ್ದರಿಂದ ಎರಡನೆಯ ವಾರದಿಂದಲೇ ಅದು ಮೂಲೆ ಸೇರುವುದುಂಟು. ಸುತ್ತುವ ಉರುಳೆಯನ್ನೂ ಜೊತೆಯಲ್ಲೇ ಕೊಂಡುಬಿಡಿ. ಹೊದಿಕೆಯ ಲಾಭವೆಲ್ಲ ಅದನ್ನು ದಿನವೂ ಹಾಸುವುದರಲ್ಲಿದೆ.

ಮಕ್ಕಳಿರುವ ಮನೆಯಾದ್ದರಿಂದ ಒಂದು ಎಚ್ಚರಿಕೆ. ಈ ಹೊದಿಕೆ ಯಾರ ಭಾರವನ್ನೂ ತಡೆಯುವುದಿಲ್ಲ. ಅದರ ಮೇಲೆ ಕಾಲಿಟ್ಟ ಮಗು ಹಾಳೆಯೊಳಗೆ ಸುತ್ತಿಕೊಂಡು ಮುಳುಗಬಹುದು, ಮೇಲಿನಿಂದ ನೋಡಿದವರಿಗೆ ಕಾಣದೆಯೂ ಹೋಗಬಹುದು. ಈಜುವ ಮೊದಲು ಹೊದಿಕೆಯನ್ನು ಪೂರ್ತಿಯಾಗಿ ತೆಗೆಯಬೇಕು, ಅರ್ಧ ಸರಿಸಿ ಇಳಿಯಕೂಡದು. ಕೊಳದ ಸುತ್ತ ಬೇಲಿ ಮತ್ತು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇರೆಯಾಗಿಯೇ ಇರಬೇಕು.

ಇನ್ನು ಯಂತ್ರಗಳ ವಿಚಾರ. ವಿದ್ಯುತ್ ಹೀಟರ್ ಕೊಳ್ಳುವಾಗ ಅಗ್ಗ, ನಡೆಸುವಾಗ ದುಬಾರಿ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ನಿಮ್ಮ ಮೊದಲ ಕಾಯಿಸುವಿಕೆಗೆ 280 ಯೂನಿಟ್ ಪೂರ್ತಿಯಾಗಿ ಮೀಟರಿನಲ್ಲಿ ಓಡುತ್ತದೆ. ಒಂಬತ್ತು ಕಿಲೋವಾಟ್‌ನ ಹೀಟರಾದರೆ, ನಷ್ಟವೇನೂ ಇಲ್ಲವೆಂದುಕೊಂಡರೂ, 31 ಗಂಟೆ ಉರಿಯಬೇಕು. ಸಣ್ಣ ತೊಟ್ಟಿಗೆ ಸರಿ, ಈಜುಕೊಳಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಗ್ಯಾಸ್ ಹೀಟರಿನ ಗುಣವೆಂದರೆ ವೇಗ. ಹೊರಗೆ ಎಷ್ಟೇ ಚಳಿಯಿದ್ದರೂ ಅದರ ಶಕ್ತಿ ಕುಗ್ಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ನೀರು ಸಿದ್ಧವಾಗುತ್ತದೆ. ಆದರೆ ಆರು ಡಿಗ್ರಿ ಏರಿಸಲು ನಿಮ್ಮ ಕೊಳಕ್ಕೆ ಸುಮಾರು 25 ಕಿಲೋ ಅಡುಗೆ ಅನಿಲದಷ್ಟು ಇಂಧನ ಬೇಕಾಗುತ್ತದೆ. ತಿಂಗಳಿಗೊಮ್ಮೆ ನೆಂಟರು ಬಂದಾಗ ಮಾತ್ರ ಈಜುವವರಿಗೆ ಇದು ಒಪ್ಪಬಹುದಾದ ಖರ್ಚು. ದಿನವೂ ಈಜುವವರಿಗಲ್ಲ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಹದವಾದ ಹವೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕೈದು ಯೂನಿಟ್ ಶಾಖ ದೊರೆಯುತ್ತದೆ. ಐದು ಎಂದು ಹಿಡಿದರೆ ಮೇಲಿನ 280 ಯೂನಿಟ್‌ನ ಕೆಲಸಕ್ಕೆ ಮೀಟರಿನಲ್ಲಿ ಓಡುವುದು 56. ಮಾರಾಟದ ಪತ್ರಿಕೆಯಲ್ಲಿ ಅಚ್ಚಾಗಿರುವ ದೊಡ್ಡ ಅಂಕಿಯನ್ನು ಮಾತ್ರ ಹಾಗೆಯೇ ನಂಬಬೇಡಿ. ಅದು ಸಾಮಾನ್ಯವಾಗಿ ಗಾಳಿಯ ಉಷ್ಣತೆ 27 ಡಿಗ್ರಿ, ತೇವಾಂಶ ಶೇಕಡಾ 80 ಇದ್ದಾಗಿನ ಅಂಕಿ. ಅಂಥ ಹವೆಯಲ್ಲಿ ಕೊಳ ಕಾಯಿಸುವ ಅಗತ್ಯವೇ ಕಡಿಮೆ. 15 ಡಿಗ್ರಿಯಲ್ಲಿ ಎಷ್ಟು, 10ರಲ್ಲಿ ಎಷ್ಟು ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಹತ್ತು ಡಿಗ್ರಿಗಿಂತ ಕೆಳಗೆ ಸಾಮಾನ್ಯ ಯಂತ್ರಗಳಲ್ಲಿ ಗಾಳಿಯ ಶಾಖ ಹೀರುವ ಕೊಳವೆ ಸುರುಳಿಯ ಮೇಲೆ ಹಿಮ ಕಟ್ಟತೊಡಗಿ ಕೆಲಸ ಕುಂಟುತ್ತದೆ. ಯಂತ್ರವನ್ನು ಗಾಳಿಯಾಡುವ ತೆರೆದ ಜಾಗದಲ್ಲಿ, ಮಲಗುವ ಕೋಣೆಯ ಕಿಟಕಿಯಿಂದ ದೂರದಲ್ಲಿ ಇರಿಸಬೇಕು. ಮುಚ್ಚಿದ ಕೋಣೆಯಲ್ಲಿಟ್ಟರೆ ತಾನು ಹೊರಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಸೌರ ಫಲಕಕ್ಕೆ ಇಂಧನದ ಖರ್ಚಿಲ್ಲ, ಪಂಪು ಓಡಿಸುವ ವಿದ್ಯುತ್ ಮಾತ್ರ. ಇದಕ್ಕೆ ಗಾಜಿನ ದುಬಾರಿ ಫಲಕವೇ ಬೇಕೆಂದಿಲ್ಲ. ಹಿಮ ಬೀಳದ ಹವೆಯಲ್ಲಿ ಕಪ್ಪು ಪ್ಲಾಸ್ಟಿಕ್ ಅಥವಾ ರಬ್ಬರಿನ ತೆರೆದ ಫಲಕ ಸಾಕು. ಒಟ್ಟು ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯವರೆಗೆ ಇರಬೇಕಾಗುತ್ತದೆ, ನಿಮ್ಮ ಲೆಕ್ಕಕ್ಕೆ 16ರಿಂದ 32 ಚದರ ಮೀಟರ್. ನೆರಳಿಲ್ಲದ ಅಷ್ಟು ಚಾವಣಿ ಇದೆಯೇ, ಅದು ನೀರು ತುಂಬಿದ ಫಲಕಗಳ ಭಾರವನ್ನು ತಾಳುವುದೇ, ಈಗಿರುವ ಪಂಪು ಅಷ್ಟು ಎತ್ತರಕ್ಕೆ ನೀರು ದೂಡುವುದೇ ಎಂಬ ಮೂರನ್ನೂ ಮೊದಲೇ ನೋಡಿಸಿ. ಭೂಮಧ್ಯರೇಖೆಯ ಉತ್ತರಕ್ಕಿರುವವರು ಫಲಕವನ್ನು ದಕ್ಷಿಣಕ್ಕೆ, ದಕ್ಷಿಣಕ್ಕಿರುವವರು ಉತ್ತರಕ್ಕೆ ಮುಖಮಾಡಿ ಇಡಬೇಕು. ಫಲಕದಿಂದ ಕೊಳಕ್ಕೆ ಮರಳುವ ನೀರು ಕೈಗೆ ಅಷ್ಟೇನೂ ಬಿಸಿಯೆನಿಸದಿದ್ದರೆ ಕೆಲಸ ಕೆಟ್ಟಿದೆಯೆಂದು ತಿಳಿಯಬೇಡಿ. ಹೆಚ್ಚು ನೀರು ವೇಗವಾಗಿ ಹರಿದು ಮೂರ್ನಾಲ್ಕು ಡಿಗ್ರಿ ಮಾತ್ರ ಏರುವುದೇ ಸರಿಯಾದ ಕ್ರಮ. ಬಿಸಿಲಿನಲ್ಲೂ ಫಲಕ ಮುಟ್ಟಿದರೆ ತಂಪಾಗಿರಬೇಕು. ಅದು ಸುಡುತ್ತಿದ್ದರೆ ಶಾಖ ನೀರಿಗೆ ಸೇರುತ್ತಿಲ್ಲವೆಂದೇ ಅರ್ಥ.

ನಿಮ್ಮ ಮನೆಯಲ್ಲಿ ಈಜುವವರು ಮಕ್ಕಳು ಮತ್ತು ಹಿರಿಯರಾದ್ದರಿಂದ ಬಳಕೆ ಹೆಚ್ಚುಕಡಿಮೆ ದಿನನಿತ್ಯದ್ದೆಂದು ಭಾವಿಸುತ್ತೇನೆ. ಹಾಗಿದ್ದರೆ ಹೊದಿಕೆಯೊಂದಿಗೆ ಒಂದು ತಂಪಿನ ಕಾಲವನ್ನು ಕಳೆದು ನೋಡಿ, ಆಮೇಲೂ ಕೊರತೆಯಿದ್ದರೆ ಚಾವಣಿ ಒದಗುವ ಪಕ್ಷದಲ್ಲಿ ತೆರೆದ ಸೌರ ಫಲಕ, ಒದಗದಿದ್ದರೆ ಹೀಟ್ ಪಂಪ್ ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಉತ್ಪಾದಿಸುವ ಸೌರ ಫಲಕ ಈಗಾಗಲೇ ಮನೆಯ ಮೇಲಿದ್ದರೆ ಹಗಲು ಹೊತ್ತಿನಲ್ಲಿ ಓಡುವ ಹೀಟ್ ಪಂಪೇ ಲೇಸು. ಬಿಸಿಲಿನ ಐದನೆಯ ಒಂದು ಭಾಗವನ್ನು ಫಲಕ ವಿದ್ಯುತ್ ಮಾಡಿದರೂ ಪಂಪು ಅದನ್ನು ಐದು ಪಟ್ಟು ಶಾಖವಾಗಿಸುತ್ತದೆ, ಕೊಳ ಬಳಸದ ತಿಂಗಳುಗಳಲ್ಲಿ ಆ ವಿದ್ಯುತ್ ಬೇರೆ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಸ್ನಾನಕ್ಕೆಂದು ಹಾಕಿಸಿದ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಹಗಲೆಲ್ಲ ಸುಮ್ಮನಿರುತ್ತದೆ. ಅದರ ಬಿಸಿನೀರನ್ನು ಕೊಳಕ್ಕೆ ಬಿಡಬಹುದೇ?

ಉತ್ತರ: ಬಿಡಬಹುದು, ಪ್ರಯೋಜನವಿಲ್ಲ. 60 ಡಿಗ್ರಿಯ 200 ಲೀಟರನ್ನು 24 ಡಿಗ್ರಿಯ 40,000 ಲೀಟರಿಗೆ ಬೆರೆಸಿದರೆ ಕೊಳದ ಉಷ್ಣತೆ ಏರುವುದು 0.2 ಡಿಗ್ರಿಗಿಂತಲೂ ಕಡಿಮೆ. ಕೊಳದ ನೀರನ್ನೇ ಆ ಹೀಟರಿನ ಮೂಲಕ ಹರಿಸುವ ಯೋಚನೆಯಿದ್ದರೆ ಅದನ್ನು ಕೈಬಿಡಿ, ಕ್ಲೋರಿನ್ ಬೆರೆತ ನೀರು ಅದರ ಲೋಹದ ಭಾಗಗಳನ್ನು ಬೇಗ ತಿಂದುಹಾಕುತ್ತದೆ.

ಪ್ರಶ್ನೆ: ನಾವು ಈಜುವುದು ವಾರದ ಕೊನೆಯ ಎರಡು ದಿನ ಮಾತ್ರ. ನಡುವೆ ಹೀಟ್ ಪಂಪ್ ಆರಿಸಿದರೆ ಮತ್ತೆ ಕಾಯಿಸಲು ಹೆಚ್ಚು ಖರ್ಚಾಗುತ್ತದೆಂದು, ಸದಾ 28 ಡಿಗ್ರಿಯಲ್ಲಿಡುವುದೇ ಉಳಿತಾಯವೆಂದು ತಂತ್ರಜ್ಞರೊಬ್ಬರು ಹೇಳಿದರು. ನಿಜವೇ? ಯಂತ್ರದ ಕೆಳಗೆ ಯಾವಾಗಲೂ ನೀರು ನಿಂತಿರುವುದು ಸೋರಿಕೆಯೇ?

ಉತ್ತರ: ಮೊದಲನೆಯದು ಬಹಳ ಕಡೆ ಕೇಳಿಬರುವ ಮಾತು, ಆದರೆ ನಿಜವಲ್ಲ. ನೀರಿಗೂ ಸುತ್ತಲಿನ ಗಾಳಿಗೂ ಇರುವ ಅಂತರ ಹೆಚ್ಚಿದಷ್ಟೂ ಶಾಖ ಬೇಗ ಸೋರುತ್ತದೆ. ನೀರು ತಣ್ಣಗಾದಂತೆ ನಷ್ಟವೂ ತಗ್ಗುವುದರಿಂದ, ನಡುವಿನ ದಿನಗಳಲ್ಲಿ ಆರಿಸಿಟ್ಟ ಕೊಳ ಒಟ್ಟಿನಲ್ಲಿ ಕಡಿಮೆ ಶಾಖವನ್ನೇ ಕೇಳುತ್ತದೆ. ತೊಡಕಿರುವುದು ಸಮಯದಲ್ಲಿ. ಗಂಟೆಗೆ 12 ಯೂನಿಟ್ ಶಾಖ ಕೊಡುವ ಯಂತ್ರಕ್ಕೆ 40,000 ಲೀಟರನ್ನು ಆರು ಡಿಗ್ರಿ ಏರಿಸಲು, ನಡುವಿನ ನಷ್ಟವನ್ನೂ ಸೇರಿಸಿದರೆ, ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚೇ ಬೇಕು. ಹಾಗಾಗಿ ಎರಡು ದಿನ ಮೊದಲೇ, ಗಾಳಿ ಬೆಚ್ಚಗಿರುವ ಹಗಲು ಹೊತ್ತಿನಲ್ಲೆಲ್ಲ ಯಂತ್ರ ಓಡುವಂತೆ ಟೈಮರ್ ಇಡಿ, ರಾತ್ರಿ ಕೊಳ ಮುಚ್ಚಿಡಿ. ವ್ಯಾಯಾಮಕ್ಕೆಂದು ಈಜುವವರಾದರೆ 26 ಡಿಗ್ರಿಯೂ ಸಾಕು. ಸ್ಪರ್ಧೆಯ ಕೊಳಗಳಿಗೆ ವಿಧಿಸಿರುವುದೇ 25ರಿಂದ 28.

ಯಂತ್ರದ ಕೆಳಗಿನ ನೀರು ಬಹುಪಾಲು ಗಾಳಿಯ ತೇವವೇ ಹನಿಗಟ್ಟಿ ಇಳಿದದ್ದು. ಕೊಳದ ನೀರು ಪರೀಕ್ಷಿಸುವ, ಅದ್ದಿದರೆ ಬಣ್ಣ ಬದಲಾಗುವ ಕಾಗದದ ಪಟ್ಟಿಯಿಂದ ಅದರಲ್ಲಿ ಕ್ಲೋರಿನ್ ಇದೆಯೇ ನೋಡಿ. ಇಲ್ಲದಿದ್ದರೆ ಚಿಂತೆಯಿಲ್ಲ, ಇದ್ದರೆ ಅದು ಕೊಳದ ನೀರು, ಯಂತ್ರ ನಿಲ್ಲಿಸಿ ರಿಪೇರಿಯವರನ್ನು ಕರೆಸಿ. ಕೊಳದಲ್ಲೇ ಸೋರಿಕೆಯಿರಬಹುದೆಂಬ ಅನುಮಾನವಿದ್ದರೆ ಒಂದು ಬಕೆಟ್ಟಿಗೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟು, ಬಕೆಟ್ಟಿನ ಒಳಗಿನ ಮಟ್ಟವನ್ನೂ ಕೊಳದ ಮಟ್ಟವನ್ನೂ ಗುರುತು ಹಾಕಿ. ಮರುದಿನ ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾದದ್ದು. ಕೊಳದ್ದು ಹೆಚ್ಚು ಇಳಿದಿದ್ದರೆ ಕಾಯಿಸಿದ ನೀರು ಮಣ್ಣಿಗೆ ಹೋಗುತ್ತಿದೆ, ಅದನ್ನು ಸರಿಪಡಿಸುವವರೆಗೆ ಯಂತ್ರ ನಡೆಸಬೇಡಿ.