"ನಮ್ಮನಿಗೂ ಒಮ್ಮಿ ಹಂಗ ಬರ್ರಿ"

ಈ ಪ್ರಕರಣ ಬರೆಯುತ್ತಿರುವುದಕ್ಕೆ ಕಾರಣ, ಇದೇ ಸಂಸಾರ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಸಲಹೆ ಕೇಳಿ ಬರುತ್ತಲೇ ಇದೆ. ಒಮ್ಮೆ ಖೋಖೋ ಕೋಚ್, ಒಮ್ಮೆ ನಾಟಕದ ಮಾಸ್ತರ್, ಒಮ್ಮೆ ತೊಗರಿ ಖರೀದಿಗೆ ಊರೂರು ಸುತ್ತುವ ವ್ಯಾಪಾರಿ. "ಇವರಿಗಿ ಮನಿ ಬ್ಯಾಡಾಗ್ಯದ" ಅಂತಾಳೆ ಹೆಂಡತಿ. "ನಾ ಏನ್ ಕುಡಿಲಿಕ್ಕ ಹೋಗ್ತೀನೇನ್ರಿ?" ಅಂತಾನೆ ಗಂಡ. ಹಿರಿಯರು ಅಂತ ಕೂತವರು ಕೂಡಲೇ ತೀರ್ಪು ಕೊಟ್ಟುಬಿಡುತ್ತಾರೆ: ಮನೆ ಕಡೆ ಜಾಸ್ತಿ ಟೈಮ್ ಕೊಡಪ್ಪ ಅಂತ. ನಾನು ಆ ಸಲಹೆ ಕೊಡಲಿಲ್ಲ. ಅದಕ್ಕೆ ನನ್ನ ಗೆಳತಿಯರಿಂದಲೇ ಬೈಸಿಕೊಂಡಿದ್ದೇನೆ. ಯಾಕೆ ಕೊಡಲಿಲ್ಲ ಅಂತ ಇಲ್ಲಿ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ.

ಗಂಡ ಕಲಬುರಗಿಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ್. ಬಾಸ್ಕೆಟ್‌ಬಾಲ್ ಅಂದರೆ ಜೀವ. ಶಾಲೆಯ ಕೆಲಸ ಬಿಟ್ಟು ಉಳಿದ ಹೊತ್ತಿನಲ್ಲಿ ಒಂದು ಕ್ರೀಡಾ ಹಾಸ್ಟೆಲ್‌ಗೆ ಮಕ್ಕಳನ್ನು ಹುಡುಕಿ ಕೊಡುತ್ತಾರೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಎರಡು ಮಕ್ಕಳು, ಜೊತೆಗೆ ಅತ್ತೆ. ಹೊಡೆತ ಬಡಿತ ಇಲ್ಲ, ಸಾಲ ಇಲ್ಲ, ಇನ್ನೊಬ್ಬಳ ಮಾತೂ ಇಲ್ಲ. ಆದರೂ ಆಕೆ ಮಕ್ಕಳನ್ನು ಕರೆದುಕೊಂಡು ಆಳಂದ ಕಡೆಯ ತವರಿಗೆ ಹೋಗಿ ಕೂತಿದ್ದರು.

ಈ ಮಕ್ಕಳನ್ನು ಹುಡುಕುವ ಕೆಲಸ ಏನು ಅಂತ ನನಗೂ ಗೊತ್ತಿರಲಿಲ್ಲ. ಶಾಲಾ ಕ್ರೀಡಾಕೂಟದಲ್ಲಿ ಕೂತು ಎತ್ತರದ ಹುಡುಗರನ್ನು ಆರಿಸುವುದು ಅಂದುಕೊಂಡಿದ್ದೆ. ಅಷ್ಟು ಸುಲಭ ಇಲ್ಲ. ಹುಡುಗಿಯರು ಸುಮಾರು 12ನೇ ವಯಸ್ಸಿಗೆ, ಹುಡುಗರು ಸುಮಾರು 14ಕ್ಕೆ ಒಮ್ಮೆಲೇ ಉದ್ದ ಆಗುತ್ತಾರೆ. 13ಕ್ಕೇ ಎತ್ತರ ಕಾಣುವ ಹುಡುಗ ಸುಮ್ನೆ ಬೇಗ ಬೆಳೆದವನಿರಬಹುದು, ಎರಡು ವರ್ಷದಲ್ಲಿ ಉಳಿದವರು ಅವನನ್ನು ದಾಟಿ ಹೋಗಬಹುದು. ಹಾಗಾಗಿ ಅದೇ ಹುಡುಗನನ್ನು ಮರುವರ್ಷ ಮತ್ತೆ ನೋಡಬೇಕು. ಕೈ ಚಾಚಿ ನಿಲ್ಲಿಸಿ ಬೆರಳ ತುದಿಯಿಂದ ತುದಿಗೆ ಅಳೆಯಬೇಕು. ರಿಂಗ್ ಇರೋದು 10 ಅಡಿ ಎತ್ತರದಲ್ಲಿ, ಅಲ್ಲಿಗೆ ಯಾರ ಕೈ ಹತ್ತಿರ ಹೋಗುತ್ತೆ ಅನ್ನೋದು ಮುಖ್ಯ. ಚೆಂಡು ಕೈಯಲ್ಲಿ ಇಲ್ಲದಾಗ ಆ ಹುಡುಗ ಏನು ಮಾಡ್ತಾನೆ ಅಂತಲೂ ನೋಡಬೇಕಂತೆ. ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ ಅಂತ ಕೂಟಗಳು ಒಂದರ ಹಿಂದೆ ಒಂದು ಬರುತ್ತವೆ. ಕಲಬುರಗಿ ವಿಭಾಗ ಅಂದರೆ ಬೀದರ್‌ನಿಂದ ಬಳ್ಳಾರಿ, ವಿಜಯನಗರದ ತನಕ ಏಳು ಜಿಲ್ಲೆ! "ಹೋದ ವರ್ಷನೂ ಅದೇ ಊರಿಗಿ ಹೋಗಿದ್ರಿ, ಈಗ ಮತ್ತ ಯಾಕ?" ಅಂತ ಹೆಂಡತಿ ಕೇಳಿದಾಗ ಇವರು ಇದನ್ನೆಲ್ಲ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. "ನಿನಗ ಗೊತ್ತಾಗಲ್ಲ ಬಿಡು" ಅಂದಿದ್ದರು. ಈ ಒಂದು ಮಾತಿನಿಂದ ಎಷ್ಟು ಮನೆ ಕೆಟ್ಟಿವೆಯೋ!

ಮೊದಲ ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆಕೆ ದೂರು ಹೇಳುವುದು, ಇವರು ಕೈಕಟ್ಟಿ ಕೂತು ಗೋಡೆ ನೋಡುವುದು. ಇಂಥ ಗಂಡಸರಿಗೆ ಮನಸ್ಸಿನ ವಿಷಯ ಕೇಳಿದರೆ ಬಾಯಿ ಕಟ್ಟುತ್ತದೆ, ಕೆಲಸದ ವಿಷಯ ಕೇಳಿದರೆ ಬಿಚ್ಚುತ್ತದೆ. ಅದಕ್ಕೇ ಒಂದು ದಿನ ಬೇರೆಯದೇ ಪ್ರಶ್ನೆ ಕೇಳಿದೆ. ಹಳ್ಳಿಯಲ್ಲಿ ಒಂದು ಹುಡುಗಿ ಚೆನ್ನಾಗಿ ಆಡ್ತಾಳೆ ಅಂತಿಟ್ಟುಕೊಳ್ಳಿ, ಅವಳನ್ನ ಹಾಸ್ಟೆಲ್‌ಗೆ ಕಳಿಸೋಕೆ ಮನೆಯವರನ್ನ ಹೇಗೆ ಒಪ್ಪಿಸ್ತೀರಿ?

ಅವರು ನೆಟ್ಟಗೆ ಕೂತರು.

"ಮೊದಲನೇ ದಿನ ಏನೂ ಮಾತಾಡಂಗಿಲ್ರಿ ಮೇಡಂ. ಸುಮ್ನ ಮನಿಗಿ ಹೋಗಿ ಚಹಾ ಕುಡ್ದು ಬರ್ತೀನಿ. ತಂದಿ ತಾಯಿ ಎಷ್ಟ್ ಎತ್ತರ ಅದಾರ ನೋಡ್ಬೇಕು, ಹುಡುಗಿ ಎಲ್ಲಿ ತನಕ ಬೆಳಿತಾಳಂತ ಅಂದಾಜ್ ಸಿಗ್ತದ. ಎರಡನೇ ಸಲ ಹೋದಾಗ, ಮನ್ಯಾಗ ಯಾರು ಬ್ಯಾಡ ಅಂತಾರೋ ಅವರ ಮುಂದ ಮೊದಲ ಕೂಡ್ತೀನಿ. ಜಾಸ್ತಿ ಆಯಿನೇ (ಅಜ್ಜಿ) ಬ್ಯಾಡ ಅಂತಿರ್ತಾಳ. ಆಕಿಗಿ ಕೆಟ್ಟ ಸುದ್ದಿ ಮೊದಲ ಹೇಳ್ತೀನ್ರಿ. ಎಲ್ಲರೂ ದೊಡ್ಡ ಆಟಗಾರರು ಆಗಂಗಿಲ್ಲ, ಭಾಳ ಮಂದಿ ವಾಪಸ್ ಬರ್ತಾರಂತ."

ಪಂಜಾಬಿನ ಸತ್ನಾಮ್ ಸಿಂಗ್ ಕಥೆಯನ್ನೂ ಹೇಳುತ್ತಾರಂತೆ. ಬಲ್ಲೋ ಕೆ ಅನ್ನುವ ಹಳ್ಳಿಯ ಹುಡುಗ, 7 ಅಡಿಗೂ ಮೇಲೆ ಎತ್ತರ. 2015ರಲ್ಲಿ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಡಲ್ಲಾಸ್ ಮಾವೆರಿಕ್ಸ್ ತಂಡ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಭಾರತದಿಂದ ಹಾಗೆ ಆಯ್ಕೆಯಾದವರಲ್ಲಿ ಅವನೇ ಮೊದಲಿಗ. ಬೇರೆಯವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಇವರು ಮುಂದಿನದನ್ನೂ ಹೇಳುತ್ತಾರೆ: ಆಮೇಲೆ ಅವನಿಗೆ ಎನ್‌ಬಿಎ ಲೀಗ್‌ನಲ್ಲಿ ಒಂದು ಪಂದ್ಯ ಕೂಡ ಆಡಲು ಸಿಗಲಿಲ್ಲ. "ಸುಳ್ಳ ಆಸೆ ಹಚ್ಚಿದ್ರ ಮೂರು ತಿಂಗಳಿಗಿ ಹುಡುಗಿ ಅಳಕೋತ ಬಸ್ ಹತ್ತತಾಳ್ರಿ."

ಆಮೇಲೆ ಕಾಗದ. ದಸರಾ, ದೀಪಾವಳಿಗೆ ಯಾವಾಗ ಕಳಿಸ್ತಾರೆ, ಯಾವ ಹಬ್ಬಕ್ಕೆ ರಜೆ ಇಲ್ಲ, ಫೋನ್ ಯಾವ ವಾರ ಎಷ್ಟು ಹೊತ್ತಿಗೆ, ಜ್ವರ ಬಂದರೆ ಯಾರು ದವಾಖಾನೆಗೆ ಒಯ್ತಾರೆ, ಶೂ ಯಾರು ಕೊಡಿಸ್ತಾರೆ. ಎಲ್ಲ ಬರೆದು ತಾಯಿಯ ಕೈಗೆ ಕೊಡುತ್ತಾರೆ. ಓದೋಕೆ ಬರದಿದ್ದರೆ ಎರಡು ಸಲ ಓದಿ ಹೇಳುತ್ತಾರೆ. ತಂದೆಯ ಕೈಗೆ ಯಾಕೆ ಕೊಡಲ್ಲ ಅಂದೆ. "ಹಾದಿ ನೋಡಾಕಿ ತಾಯಿ ಅಲ್ಲೇನ್ರಿ?" ಅಂದರು.

ಇಷ್ಟೂ ಹೊತ್ತು ಹೆಂಡತಿ ಬಾಯಿ ತೆರೆದಿರಲಿಲ್ಲ. ಈಗ ಗಂಡನ ಕಡೆ ತಿರುಗಿ ಅಂದರು: "ನಮ್ಮನಿಗೂ ಒಮ್ಮಿ ಹಂಗ ಬರ್ರಿ. ನನಗೂ ಕೂಡಿಸಿ ಹೇಳ್ರಿ, ಯಾವಾಗ ಇರ್ತೀರಿ, ಯಾವಾಗ ಇರಂಗಿಲ್ಲಂತ. ನಾ ಏನ್ ಬ್ಯಾಡ ಅಂತೀನೇನು?"

ಅವರು ನಕ್ಕರು. ಆಕೆ ನಗಲಿಲ್ಲ. "ಮನಿಯವರಿಗಿ ಏನ್ ಬರ್ದು ಕೊಡೂದು?" ಅಂದರು ಮಾಸ್ತರ್. ಗಂಟು ಇರೋದು ಇಲ್ಲೇ ಅಂತ ನನಗೆ ಅನಿಸಿತು. ಆಕೆಗೇ ಮುಂದೆ ಹೇಳಲು ಬಿಟ್ಟೆ.

"ಇವರು ಸುರಪುರಕ್ಕ ಹೋಗೂದು ನನಗ ತ್ರಾಸಿಲ್ಲ ಮೇಡಂ. ಎಂಟಕ್ಕ ಬರ್ತೀನಿ ಅಂತಾರ. ನಾ ಬಿಸಿ ರೊಟ್ಟಿ ಮಾಡ್ತೀನಿ. ಅಪ್ಪ ಬರಲಿ ಅಂತ ಹುಡುಗ್ರು ಉಣ್ಣಂಗಿಲ್ಲ. ಒಂಬತ್ತಾಗ್ತದ, ಹತ್ತಾಗ್ತದ. ಫೋನ್ ಎತ್ತಂಗಿಲ್ಲ. ಇವತ್ತ ಬರಂಗಿಲ್ಲಂತ ಮೊದಲೇ ಅಂದಿದ್ರ ಒಂಬತ್ತಕ್ಕ ಚಿಲಕ ಹಾಕಿ ಮಲಗತಿದ್ದೆ."

ಗಂಡ ಮನೆಯಲ್ಲಿ ಇಲ್ಲ ಅನ್ನುವುದು ಆಕೆಯ ದೂರಾಗಿರಲಿಲ್ಲ. ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಾಗದೆ ದಿನಾ ಕಾಯುವುದು ಆಕೆಯನ್ನು ತಿನ್ನುತ್ತಿತ್ತು. ಇದನ್ನು ಕೇಳಿಸಿಕೊಂಡ ಮೇಲೂ "ಟೈಮ್ ಕೊಡಪ್ಪ" ಅಂದಿದ್ದರೆ ಆ ಮಾಸ್ತರ್ ಒಂದು ಭಾನುವಾರ ಮನೆಯಲ್ಲಿ ಕೂತು, ದಿನವಿಡೀ ಹಳ್ಳಿ ಪಾಲಕರ ಫೋನ್ ಎತ್ತುತ್ತಾ, ಟೈಮ್ ಕೊಟ್ಟೆ ಅಂದುಕೊಳ್ಳುತ್ತಿದ್ದರು.

ಸಲಹೆ ಹೀಗಿತ್ತು. ಹಳ್ಳಿ ತಾಯಂದಿರಿಗೆ ಬರೆದು ಕೊಡುವ ಕಾಗದವನ್ನೇ ಮನೆಗೂ ಬರೆಯಬೇಕು. ಕೂಟಗಳ ಹಂಗಾಮಿಗೆ ಒಂದು, ಉಳಿದ ತಿಂಗಳುಗಳಿಗೆ ಒಂದು. ವಾಪಸ್ ಬರುವ ಹೊತ್ತು ಬರೆಯುವಾಗ ಕೊನೆಯ ಬಸ್ಸಿನ ಹೊತ್ತೇ ಬರೆಯಬೇಕು, ಬೇಗ ಬಂದರೆ ಲಾಭ. ಕೆಲವು ದಿನ ಯಾವ ಕೂಟ ಇದ್ದರೂ ಮನೆಯವು, ಅವನ್ನು ಆರಿಸುವುದು ಹೆಂಡತಿ. ಆಕೆ ಮೊದಲು ಬರೆಸಿದ್ದು ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ನಮ್ಮ ಕಡೆ ಅವತ್ತು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುತ್ತಾರೆ, ಯಾರೂ ಮನೆಯಲ್ಲಿ ಕೂರಲ್ಲ. ಹೋದ ವರ್ಷ ಇವರು ಅವತ್ತೇ ಔರಾದ್ ಕಡೆ ಒಬ್ಬ ಹುಡುಗನನ್ನು ನೋಡಲು ಹೋಗಿದ್ದರಂತೆ. ಒಂಬತ್ತರ ಮೇಲೆ ಪಾಲಕರ ಫೋನ್ ಇಲ್ಲ, ಹಾಸ್ಟೆಲ್ ವಾರ್ಡನ್ ಫೋನ್ ಮಾತ್ರ ಎತ್ತಬೇಕು.

ದುಡ್ಡಿನ ವಿಷಯವೂ ಆಗ ಹೊರಬಂತು. ಬಡ ಮಕ್ಕಳಿಗೆ ಇವರು ಸಂಬಳದಲ್ಲೇ ಶೂ ಕೊಡಿಸುತ್ತಿದ್ದರು, ಮನೆಯಲ್ಲಿ ಹೇಳದೆ. ಒಳ್ಳೆ ಕೆಲಸ, ಆದರೆ ಕದ್ದು ಮಾಡುವಂಥದ್ದೇನಿದೆ? ತಿಂಗಳಿಗೆ ಇಷ್ಟು ಅಂತ ಇಬ್ಬರೂ ಕೂತು ಗೊತ್ತು ಮಾಡಿ ಅಂದೆ.

ಇನ್ನೊಂದಕ್ಕೆ ನಾನು ಹಟ ಹಿಡಿದೆ. ಆ ಕಾಗದದಲ್ಲಿ ಹೆಂಡತಿಯ ಕೆಲಸಕ್ಕೂ ಒಂದು ಸಾಲು ಇರಬೇಕು. ಲಗ್ನದ ಹಂಗಾಮು, ದೀಪಾವಳಿ ಹಿಂದಿನ ವಾರಗಳಲ್ಲಿ ಆಕೆಗೆ ರಾತ್ರಿ ಹನ್ನೆರಡರ ತನಕ ಹೊಲಿಗೆ. "ಅದು ಮನ್ಯಾಗೇ ಇರೂ ಕೆಲಸ ಅಲ್ಲೇನ್ರಿ" ಅಂದರು ಮಾಸ್ತರ್. ಮನೆಯಲ್ಲಿ ಮಾಡುವ ಕೆಲಸಕ್ಕೆ ಗಡುವು ಇರಲ್ವಾ? ಬ್ಲೌಸ್ ಆಗದಿದ್ದರೆ ಮದುಮಗಳು ಸುಮ್ನೆ ಬಿಡ್ತಾಳಾ? ಆ ದಿನಗಳಲ್ಲಿ ಮಕ್ಕಳ ಊಟ, ಹೋಂವರ್ಕ್ ಇವರದು. ಮುಖ ಸಣ್ಣದು ಮಾಡಿಕೊಂಡೇ ಬರೆದರು.

ನನ್ನ ಗೆಳತಿಯರು ಹೇಳುವುದು, ನೀನು ಗಂಡಸನ್ನು ಸುಲಭಕ್ಕೆ ಬಿಟ್ಟೆ, ಗಂಡ ಬೇಕು ಅಂದವಳಿಗೆ ಟೈಮ್‌ಟೇಬಲ್ ಕೊಟ್ಟೆ ಅಂತ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಕೇಳಿದ್ದು ಆಕೆಯೇ. ತಿರುಗಾಟ ಕಮ್ಮಿ ಮಾಡಿಸಿ ಅಂದಿದ್ದರೆ ಅದಕ್ಕೂ ನಾನು ಆಕೆಯ ಪರ ಜಗಳ ಆಡುತ್ತಿದ್ದೆ. ಹಾಗಂತ, ಜೀವಕ್ಕೆ ಹತ್ತಿದ ಕೆಲಸವನ್ನು ಮನೆಯವರ ಒತ್ತಾಯಕ್ಕೆ ಬಿಟ್ಟ ಗಂಡಸರನ್ನೂ ನೋಡಿದ್ದೇನೆ. ಅವರು ಮನೆಯಲ್ಲೇ ಇರುತ್ತಾರೆ, ನಿಮ್ಮಿಂದ ಬಿಟ್ಟೆ ಅಂತ ಊಟಕ್ಕೊಮ್ಮೆ ಹೇಳುತ್ತಾ.

ಎಲ್ಲರಿಗೂ ಇದು ನಡೆಯಲ್ಲ. ಹೊಡೆಯುವವನಿಗೆ, ಕುಡಿಯುವವನಿಗೆ, ಜಗಳದಿಂದ ತಪ್ಪಿಸಿಕೊಳ್ಳಲು ಊರೂರು ತಿರುಗುವವನಿಗೆ ಕಾಗದದ ಸಲಹೆ ಕೊಡಬೇಡಿ. ಬರೆಯಲು ಕೂರಿಸಿದಾಗಲೇ ತಿಳಿಯುತ್ತೆ. ಮುಚ್ಚಿಡುವುದು ಇರುವವನು ತಾರೀಖು ಬರೆಯಲ್ಲ, "ನೋಡೋಣ" ಅಂತಾನೆ.

ಆಕೆ ತವರಿಂದ ವಾಪಸ್ ಬಂದಿದ್ದಾರೆ. ಕಾಗದ ಅಡುಗೆಮನೆಯಲ್ಲಿ ಅಂಟಿಸಿದ್ದಾರಂತೆ. ವಿಭಾಗ ಮಟ್ಟದ ಕೂಟಕ್ಕೆ ಬಳ್ಳಾರಿಗೆ ಹೋದಾಗ ಮಾಸ್ತರ್ ಒಂದು ದಿನ ತಡ ಮಾಡಿದರು. ಮೊದಲೇ ಫೋನ್ ಮಾಡಿದ್ದರು, ಆದರೂ ಜಗಳ ಆಯಿತು. ಆದರೆ ಜಗಳ ಆ ಒಂದು ದಿನಕ್ಕೇ ಆಯಿತು, ಹನ್ನೆರಡು ವರ್ಷದ ಲೆಕ್ಕ ಯಾರೂ ತೆಗೆಯಲಿಲ್ಲ.

ಈಗ ಉಳಿದಿರುವುದು ಅತ್ತೆ. "ಗಂಡಸರು ಹೆಂಡ್ತಿಗಿ ಚೀಟಿ ಬರ್ದು ಕೊಟ್ಟು ಹೊರಗ ಹೋಗ್ತಾರೇನ?" ಅಂತ ಓಣಿಗೆಲ್ಲ ಕೇಳುವಂತೆ ಅಂದಿದ್ದಾರೆ. ಮನೆಯಲ್ಲಿ ಯಾರು ಬೇಡ ಅಂತಾರೋ ಅವರ ಮುಂದೆ ಮೊದಲು ಕೂರಬೇಕು ಅಂತ ನೀವೇ ಹೇಳಿದ್ದಿರಲ್ಲ, ನಿಮ್ಮ ತಾಯಿ ಮುಂದೆ ಯಾವಾಗ ಕೂರ್ತೀರಿ ಅಂತ ಮಾಸ್ತರ್‌ಗೆ ಕೇಳಿದೆ. "ಅದು ಕಷ್ಟ ಅದ ರೀ ಮೇಡಂ" ಅಂದರು. ಮುಂದಿನ ಸಲ ತಾಯಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ತಾರೀಖನ್ನು ಅವರ ಕೈಯಲ್ಲೇ ಬರೆಸಿದ್ದೇನೆ.