ಕರೆಂಟು ಹೋದಾಗಲೇ ಪೈಪು ಒಡೆಯುವುದೇಕೆ?

ಪ್ರಶ್ನೆ: ಕೃಷಿಹೊಂಡದಿಂದ 40 ಮೀಟರ್ ಎತ್ತರದ ತೊಟ್ಟಿಗೆ ಸೆಕೆಂಡಿಗೆ 5 ಲೀಟರ್ ನೀರೆತ್ತುತ್ತೇವೆ. ಪೈಪು 75 ಮಿ.ಮೀ. ಪಿವಿಸಿ, 6 ಕೆ.ಜಿ.ಯದು (ಚದರ ಸೆಂ.ಮೀ.ಗೆ 6 ಕೆ.ಜಿ. ಒತ್ತಡ ತಡೆಯುವಂಥದ್ದು), ಉದ್ದ 400 ಮೀಟರ್. ಮೋಟಾರು ಓಡುವಾಗ ತೊಂದರೆಯಿಲ್ಲ. ಕರೆಂಟು ಹೋದ ಕೂಡಲೇ ಎನ್‌ಆರ್‌ವಿ (ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್) ಧಡ್ ಎಂದು ಬಡಿದು, ಅದರ ಪಕ್ಕದಲ್ಲೇ ಪೈಪು ಸೀಳುತ್ತದೆ. ಅಂಗಡಿಯವರು 10 ಕೆ.ಜಿ. ಪೈಪು ಹಾಕಿ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಬರೀ ಅಷ್ಟರಿಂದ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡೋಣ. ಓಡುವ ನೀರನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡದ ಅಲೆ ಏಳುತ್ತದೆ. ಅಲೆಯ ವೇಗವನ್ನು ನೀರಿನ ವೇಗದಿಂದ ಗುಣಿಸಿ 9.8ರಿಂದ ಭಾಗಿಸಿದರೆ ಏಟು ಎಷ್ಟು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ ಎಂದು ಸಿಗುತ್ತದೆ (10 ಮೀಟರ್ ಅಂದರೆ ಸುಮಾರು 1 ಕೆ.ಜಿ.). ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1898ರಲ್ಲಿ ಪ್ರಕಟಿಸಿದ ಸೂತ್ರವಿದು.

ನಿಮ್ಮ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.3 ಮೀಟರ್, ಅಲೆಯ ವೇಗ ಸುಮಾರು 330 ಮೀಟರ್. ಏಟು 44 ಮೀಟರ್. ಎತ್ತರದ 40 ಸೇರಿದರೆ 84, ಅಂದರೆ 8.4 ಕೆ.ಜಿ. 6 ಕೆ.ಜಿ. ಪೈಪು ಎಷ್ಟು ದಿನ ತಡೆದೀತು?

10 ಕೆ.ಜಿ. ಪೈಪಿನ ಗೋಡೆ ದಪ್ಪ, ಒಳಬಾಯಿ ಕಿರಿದು. ಹಾಗಾಗಿ ನೀರು 1.45 ಮೀಟರ್ ವೇಗದಲ್ಲಿ ಓಡುತ್ತದೆ, ಗಟ್ಟಿ ಗೋಡೆಯಲ್ಲಿ ಅಲೆಯೂ 420ಕ್ಕೆ ಏರುತ್ತದೆ. ಒಟ್ಟು 102 ಮೀಟರ್! ಅದೂ ಅಂಚಿನಲ್ಲೇ. ಒಡೆದ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ತುಂಡು ಜೋಡಿಸಿದರೂ ಅಷ್ಟೇ, ಮುಂದಿನ ಜಾಯಿಂಟು ಸೀಳುತ್ತದೆ.

ಈ ಲೆಕ್ಕ ನೀರಿನ ಕಂಬ, ಅಂದರೆ ಪೈಪಿನೊಳಗೆ ಒಂದೇ ಸಮನೆ ತುಂಬಿದ ನೀರು, ತುಂಡಾಗದಿದ್ದರೆ ಮಾತ್ರ. ಪಂಪು ನಿಂತಾಗ ಮೊದಲು ಒತ್ತಡ ಕುಸಿಯುತ್ತದೆ, ಆಮೇಲೆ ಏರುತ್ತದೆ. ಪೈಪು ದಿಬ್ಬ ಹತ್ತಿ ಬಾಗುವ ಕಡೆ ನಿರ್ವಾತವಾಗಿ ಕಂಬ ತುಂಡಾದರೆ, ಎರಡು ತುಂಡು ಮತ್ತೆ ಕೂಡುವಾಗಿನ ಬಡಿತ ಇನ್ನೂ ಜೋರು. ಆ ಬಾಗಿನಲ್ಲಿ ಏರ್ ವಾಲ್ವ್ ಬೇಕೇ ಬೇಕು. ಗಾಳಿಯನ್ನು ಬೇಗ ಒಳಗೆ ಬಿಟ್ಟು ನಿಧಾನ ಹೊರಗೆ ಬಿಡುವಂಥದ್ದನ್ನೇ ಕೇಳಿ.

ಎನ್‌ಆರ್‌ವಿ ಸದ್ದಿಗೆ ಕಾರಣ ಬೇರೆ. ನೀರು ಹಿಂದಕ್ಕೆ ಓಡಲು ಶುರುವಾದ ಮೇಲೆ ಅದರ ಬಾಗಿಲು ಮುಚ್ಚುತ್ತಿದೆ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿದರೆ ಹರಿವು ನಿಲ್ಲುವ ಹೊತ್ತಿಗೇ ಮುಚ್ಚುತ್ತದೆ. ಖರ್ಚು ಕಡಿಮೆ, ಮೊದಲು ಇದನ್ನೇ ಮಾಡಿ.

ಪೈಪು ಬದಲಿಸಲೇಬೇಕೆಂದರೆ 90 ಮಿ.ಮೀ., 8 ಕೆ.ಜಿ. ತನ್ನಿ. ಅದೇ 5 ಲೀಟರಿಗೆ ವೇಗ 0.95ಕ್ಕೆ ಇಳಿದು, ಒಟ್ಟು 76 ಮೀಟರ್ ಆಗುತ್ತದೆ. ಕೈಯಲ್ಲಿ ತಿರುಗಿಸುವ ಗೇಟ್ ವಾಲ್ವನ್ನು ಅರ್ಧ ನಿಮಿಷ ಹಿಡಿದು ಮುಚ್ಚಿ. ಅಲೆ ತೊಟ್ಟಿಗೆ ಹೋಗಿಬರಲು ಎರಡೂವರೆ ಸೆಕೆಂಡು ಸಾಕು; ಅಷ್ಟರೊಳಗೆ ಮುಚ್ಚಿದರೆ ಪೂರ್ತಿ ಏಟು ಬೀಳುತ್ತದೆ.