ತುರ್ತುಕ್ ಲಡಾಖ್‌ನಲ್ಲಿದ್ದರೂ ಅಲ್ಲಿನ ಭಾಷೆ, ಬದುಕು ಲೇಹ್‌ಗಿಂತ ಬೇರೆ ಏಕೆ?

ತುರ್ತುಕ್ ಮೂಲತಃ ಬಾಲ್ಟಿಸ್ತಾನದ, ಅಂದರೆ ಇಂದು ಬಹುಪಾಲು ಪಾಕಿಸ್ತಾನದ ಹಿಡಿತದಲ್ಲಿರುವ ಪಕ್ಕದ ಸೀಮೆಯ ಊರು. 1947ರ ನಂತರ ಪಾಕಿಸ್ತಾನದ ಹಿಡಿತದಲ್ಲಿತ್ತು. 1971ರ ಡಿಸೆಂಬರ್ ಯುದ್ಧದಲ್ಲಿ ಭಾರತೀಯ ಸೇನೆಯ ಮೇಜರ್ ಚೆವಾಂಗ್ ರಿಂಚೆನ್ ಅವರ ಪಡೆ ಅದನ್ನೂ ಸುತ್ತಲಿನ ಕೆಲವು ಹಳ್ಳಿಗಳನ್ನೂ ವಶಪಡಿಸಿಕೊಂಡಿತು. ಜನ ಕದಲಲಿಲ್ಲ, ಗಡಿ ಕದಲಿತು.

ಲೇಹ್‌ಗಿಂತ ಬೇರೆಯಾಗಿರುವುದಕ್ಕೆ ಮೂಲ ಶ್ಯೋಕ್ ನದಿ. ಅದು ತುರ್ತುಕ್ ದಾಟಿ ಬಾಲ್ಟಿಸ್ತಾನದ ಖಪ್ಲು ಪಟ್ಟಣದ ಕಡೆಗೆ ಹರಿದು ಸಿಂಧೂ ನದಿಯನ್ನು ಸೇರುತ್ತದೆ. ಲೇಹ್‌ಗೆ ಹೋಗಬೇಕಾದರೆ ಎತ್ತರದ ಕಣಿವೆದಾರಿ ಹತ್ತಬೇಕು; ಖಪ್ಲುಗೆ ನದಿಯ ಜಾಡು ಹಿಡಿದರೆ ಸಾಕಿತ್ತು. ಹಾಗಾಗಿ ವ್ಯಾಪಾರ, ಮದುವೆ, ಧರ್ಮ ಎಲ್ಲವೂ ಶತಮಾನಗಳ ಕಾಲ ನೀರು ಹರಿದತ್ತಲೇ ಬೆಳೆದವು. ಊರಿನವರು ಮುಸ್ಲಿಮರು, ಆದರೆ ಮಾತು ಟಿಬೆಟನ್ ಬಳಗದ ಬಾಲ್ಟಿ. ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಇದೇ: ಟಿಬೆಟನ್ ಬರಹದಲ್ಲಿ ಉಳಿದು ಟಿಬೆಟ್‌ನ ರಾಜಧಾನಿ ಲ್ಹಾಸಾದ ಜನರ ಬಾಯಲ್ಲಿ ಮರೆಯಾದ ಎಷ್ಟೋ ಹಳೆಯ ವ್ಯಂಜನಗಳು ಬಾಲ್ಟಿಯಲ್ಲಿ ಇಂದಿಗೂ ಕೇಳಿಸುತ್ತವೆ.

ಊರು ಸುಮಾರು 2,900 ಮೀಟರ್ ಎತ್ತರದಲ್ಲಿದೆ, ಲೇಹ್‌ಗಿಂತ ತಗ್ಗು. ಅಷ್ಟು ಬಿಸುಪಿನಿಂದಾಗಿ ಬಾರ್ಲಿ ಕೊಯ್ದ ಗದ್ದೆಯಲ್ಲೇ ಅದೇ ವರ್ಷ ಬಕ್‌ವೀಟ್ ಎಂಬ ಇನ್ನೊಂದು ಧಾನ್ಯ ಬಿತ್ತುತ್ತಾರೆ. ಏಪ್ರಿಕಾಟ್ ಅಂತೂ ಮನೆಮನೆಯಲ್ಲಿ. ಬೇಸಿಗೆಯಲ್ಲಿ ಬೆಣ್ಣೆ, ಮಾಂಸ ಕೆಡದಂತೆ ಇಡಲು ಕಲ್ಲಿನ ಸಂದುಗಳಿಂದ ತಣ್ಣನೆ ಗಾಳಿ ಬರುವ ಕಲ್ಲುಕೋಣೆಗಳಿವೆ.

2010ರಲ್ಲಿ ಪ್ರವಾಸಿಗರಿಗೆ ದಾರಿ ತೆರೆಯಿತು. ಆದರೆ 1971ರಲ್ಲಿ ಗಡಿಯಾಚೆ ಸಿಕ್ಕಿಕೊಂಡ ಅಣ್ಣ, ಮಗ, ಗಂಡಂದಿರ ಮನೆಗೆ ಹೋಗುವ ಹಳೆಯ ನದಿದಾರಿ ಮಾತ್ರ ಇನ್ನೂ ಮುಚ್ಚಿಯೇ ಇದೆ.